ಕಳಂಬೋಲಿಯಿಂದ ಬಂದವಳು

ಹಳೆಯ ಬೆಡ್‌ಶೀಟುಗಳನ್ನು ಕೊಟ್ಟು ಬರಲೆಂದು ಶಹಾಡ್ ಆಚೆಗಿನ ಪ್ರಾಣಿಗಳ ಆಶ್ರಯಕ್ಕೆ ಹೋಗಿದ್ದೆ. ನಾಯಿ ತರುವ ಯೋಚನೆ ಕನಸಿನಲ್ಲೂ ಇರಲಿಲ್ಲ. ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು ಅಲ್ಲಿ ಕೆಲಸ ಮಾಡುವ ಹುಡುಗಿ ಓಡಿ ಬಂದಳು.

“ಆಂಟಿ, ಆಪ್ ಕನ್ನಡ ಬೋಲ್ತೇ ಹೋ ನಾ? ಏಕ್ ಮಿನಿಟ್ ಆವೋ, ಪ್ಲೀಸ್.”

ಮೂಲೆಯ ಗೂಡಿನಲ್ಲಿ ಕಂದು ಬಣ್ಣದ ಹೆಣ್ಣು ನಾಯಿಯೊಂದು ಗೋಡೆಗೆ ಮುಖ ಮಾಡಿ ಮಲಗಿತ್ತು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಸಿಕ್ಕಿ ಬೆನ್ನುಮೂಳೆ ಮುರಿದಿತ್ತು. ಹಿಂಗಾಲುಗಳಲ್ಲಿ ಜೀವವಿಲ್ಲ. ಮೂತ್ರವೂ ತಾನಾಗಿ ಬಾರದು, ಕೆಳಹೊಟ್ಟೆ ಒತ್ತಿ ತೆಗೆಯಬೇಕು. ಅಲ್ಲಿ ಲಾರಿಗೆ ಮಾಲು ತುಂಬುವ ಕಲಬುರಗಿಯವನೊಬ್ಬ ಅದನ್ನು ಮರಿಯಿಂದ ಸಾಕಿದ್ದನಂತೆ. ಅವನೇ ಟೆಂಪೋದಲ್ಲಿ ಹಾಕಿಕೊಂಡು ಇಲ್ಲಿಗೆ ತಂದಿದ್ದ. ಕೂಲಿಯವರೆಲ್ಲ ಒತ್ತೊತ್ತಾಗಿ ಮಲಗುವ ಕೋಣೆ ಅವನದು, ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವನು ನೋಡಲು ಬಂದ ದಿನ ಮಾತ್ರ ತಿನ್ನುತ್ತದೆ, ಉಳಿದ ದಿನ ತಟ್ಟೆಯನ್ನು ಮೂಸುವುದೂ ಇಲ್ಲ, ನೀವು ಕನ್ನಡದಲ್ಲಿ ಕರೆದರೆ ತಿಂದೀತೇನೋ ಎಂದಳು ಹುಡುಗಿ.

“ಎಂತ ಮಾರಾಯ್ತಿ, ಊಟ ಬೇಡ್ವಾ?” ಎಂದೆ.

ನಮ್ಮದು ಕುಂದಾಪುರದ ಕಡೆಯ ಮಾತು, ಅವನದಲ್ಲ. ಆದರೂ ಅದರ ಕಿವಿ ತಿರುಗಿತು. ಮುಂಗಾಲುಗಳ ಮೇಲೆ ಮೈ ಎಳೆದುಕೊಂಡು ನನ್ನ ಕಾಲಿನವರೆಗೂ ಬಂದು, ತಲೆಯೆತ್ತಿ ನನ್ನ ಮುಖ ನೋಡಿತು. ಅವನಲ್ಲ ಎಂದು ತಿಳಿದ ಮೇಲೆ ಗಲ್ಲವನ್ನು ಮೆಲ್ಲಗೆ ನೆಲಕ್ಕೆ ಊರಿತು. ಆ ನಿರಾಸೆಯನ್ನು ಬಿಟ್ಟು ಬರುವುದು ನನ್ನಿಂದಾಗಲಿಲ್ಲ.

ಮರುವಾರ ಅವಳು ಠಾಕುರ್ಲಿಯ ನಮ್ಮ ಮನೆಗೆ ಬಂದಳು. ಡೊಂಬಿವಲಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ದಣಿದು ಬಂದ ಗಂಡ ಬಾಗಿಲಲ್ಲೇ ನಿಂತುಬಿಟ್ಟರು.

“ನಮ್ಗೆ ಎಂತಕ್ ಮಾರಾಯ್ತಿ ಇದ್? ನಾ ಅಂತೂ ಮುಟ್ಟುದಿಲ್ಲ.”

ಮುಟ್ಟಲೂ ಇಲ್ಲ, ನಾನು ಜ್ವರ ಬಂದು ಮಲಗುವ ತನಕ. ಏಳಲಾಗದೆ ಬಿದ್ದಿದ್ದ ನನಗೆ ಬಾತ್‌ರೂಮಿನಿಂದ ಅವರ ದನಿ ಕೇಳಿಸಿತು: “ಹೆದ್ರೂದ್ ಬ್ಯಾಡ ಮಗಾ, ಆಯ್ತ್, ಆಯ್ತ್.” ಆಮೇಲೆ ಮೂತ್ರ ತೆಗೆಯುವ ಆ ಕೆಲಸವನ್ನು ಅವರು ನನಗೆ ಬಿಟ್ಟುಕೊಡಲೇ ಇಲ್ಲ. ನೆಲಕ್ಕೆ ಉಜ್ಜಿ ಗಾಯವಾಗುವ ಹಿಂಗಾಲುಗಳಿಗೆ ತಮ್ಮ ಕಾಲುಚೀಲಗಳನ್ನೇ ತೊಡಿಸಿದರು. ಎರಡು ಗಾಲಿಯ ಪುಟ್ಟ ಗಾಡಿ ತರಿಸಿ ಅವಳ ಸೊಂಟಕ್ಕೆ ಕಟ್ಟಿದರು. ಅವಳು ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ ಮೊದಲ ಸಲ ಓಡಿದಾಗ ಪಾರಿವಾಳಗಳೆಲ್ಲ ಹಾರಿಹೋದವು, ಇವರು ಹಿಂದಿನಿಂದ ಚಪ್ಪಲಿ ಕಳಚಿಕೊಂಡು ಓಡಿದರು.

ಕಲಬುರಗಿಯವನು ಆಶ್ರಯದವರಿಂದ ವಿಳಾಸ ಪಡೆದು ಭಾನುವಾರಗಳಂದು ಬರುತ್ತಿದ್ದ. ಮೊದಲ ಸಲ ಬಂದಾಗ ಮೆಟ್ಟಿಲಲ್ಲೇ, “ಅವ್ವಾ, ಉಂಡ್ಯೇನವ್ವಾ?” ಎಂದ. ನಮ್ಮ ಮನೆಗೆ ಬಂದ ಮೇಲೆ ಒಮ್ಮೆಯೂ ಬೊಗಳದವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದರು. ಅವನು ಸೋಫಾದ ಮೇಲೆ ಕೂರಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತ, ಅವಳು ಅವನ ತೊಡೆಯ ಮೇಲೆ ಮುಖವಿಟ್ಟಳು.

“ಅಕ್ಕೋರೆ, ನಿಮಗ ಭಾಳ ತ್ರಾಸ ಆತ್ರಿ.”

“ಎಂತ ತ್ರಾಸ ಮಾರಾಯ. ಚಾ ಕುಡಿ.”

ಅವನು ಕರೆದಂತೆ ನಾವೂ ಅವಳನ್ನು ಅವ್ವ ಎಂದೇ ಕರೆದೆವು.

ತಂಗಿಯ ಮದುವೆಗೆಂದು ಅವನು ಊರಿಗೆ ಹೋದಾಗಲೇ ಇತ್ತ ಅವಳಿಗೆ ಜ್ವರ ಹಿಡಿಯಿತು. ಇಂಥ ನಾಯಿಗಳಿಗೆ ಮೂತ್ರದ ಸೋಂಕು ಪದೇ ಪದೇ ಬರುತ್ತದೆ. ಹಿಂದೆಲ್ಲ ವಾಸಿಯಾಗಿತ್ತು. ಈ ಸಲ ಮೂತ್ರಪಿಂಡವೇ ಸೋತಿತು. ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಕಲ್ಯಾಣದ ಡಾಕ್ಟರಮ್ಮ ನನ್ನ ಕೈ ಹಿಡಿದು ಮರಾಠಿಯಲ್ಲಿ, ಇನ್ನು ಇವಳನ್ನು ನರಳಿಸಬೇಡಿ ಕಾಕಿ, ಎಂದರು.

“ಅವ ಬರೂ ತನಕ ಕಾಯ್ವಾ,” ಎಂದರು ಗಂಡ.

ಅವನಿಗೆ ಫೋನು ಮಾಡಿದೆವು. ಸಿಗಲಿಲ್ಲ. ಮತ್ತೆ ಮತ್ತೆ ಮಾಡಿದೆವು, ಅವನ ಊರಿನಲ್ಲಿ ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಅವಳು ನೋವಿಗೆ ತನ್ನ ಕಾಲನ್ನೇ ಕಚ್ಚಿಕೊಳ್ಳತೊಡಗಿದಳು. ಅದನ್ನು ನೋಡಿ ಗಂಡ ತಾವೇ ಆಟೋ ಕರೆದರು.

ಡಾಕ್ಟರು ಸೂಜಿ ಚುಚ್ಚುವಾಗ ಇವರು ಅವಳ ಗಲ್ಲದಡಿ ಅಂಗೈ ಇಟ್ಟಿದ್ದರು. ನಾನು ಬೆನ್ನು ಸವರುತ್ತಿದ್ದೆ. ಅವಳು ನಮ್ಮಿಬ್ಬರನ್ನೂ ನೋಡಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. ಹಾಗೆಯೇ ಹೋದಳು.

ಮುಂದಿನ ಭಾನುವಾರ ಮೆಟ್ಟಿಲಿನಿಂದ ದನಿ ಬಂತು. “ಅವ್ವಾ, ನಾ ಬಂದೀನಿ ನೋಡವ್ವಾ.”

ಬಾಗಿಲಲ್ಲಿ ನಾನೊಬ್ಬಳೇ ನಿಂತಿದ್ದೆ. ಅವನ ಕೈಯಲ್ಲಿ ಮದುವೆ ಮನೆಯ ಬುತ್ತಿಯ ಚೀಲವಿತ್ತು.

“ಎಲ್ಲದಾಳ್ರಿ ಅಕ್ಕೋರೆ?”

ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವನು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ, “ಇನ್ನೊಂದ್ ನಾಕ್ ದಿನ ತಡೀಬಾರದಿತ್ತೇನ್ರೀ?”

ಕೋಪದಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿ ಉತ್ತರ ಬೇಕೆಂದೇ ಕೇಳಿದ್ದ. ಅವಳು ತನ್ನ ಕಾಲನ್ನೇ ಕಚ್ಚಿಕೊಂಡಿದ್ದನ್ನು ಹೇಳಹೊರಟು ಅತ್ತುಬಿಟ್ಟೆ. ಅವನು ಚೀಲವನ್ನು ಹೊಸ್ತಿಲ ಬಳಿ ಇಟ್ಟು ಇಳಿದುಹೋದ.

ಆಮೇಲೆ ಅವನು ಬರಲಿಲ್ಲ, ಫೋನೂ ಎತ್ತಲಿಲ್ಲ. ಭಾನುವಾರ ಬಂದರೆ ನಾವಿಬ್ಬರೂ ಕಾರಣವಿಲ್ಲದೆ ಮನೆಯಲ್ಲೇ ಉಳಿಯುತ್ತಿದ್ದೆವು. ಕೊನೆಗೆ ಗಂಡ ಒಂದು ದಿನ ರಜೆ ಹಾಕಿ ಕಳಂಬೋಲಿಗೆ ಹೋದರು. ಸಂಜೆ ಬಂದವರು ಚಹಾ ಮುಟ್ಟಲಿಲ್ಲ.

“ಸಿಕ್ಕಿದ್ನಾ?” ಎಂದೆ.

“ಸಿಕ್ದ. ಕೆಲಸ ಬಿಟ್ಟ್ ಬಂದ್ ಕೂತ್ಕಂಡ. ಸಿಟ್ಟಿಲ್ಲ ಅಂದ.” ಆಮೇಲೆ ಅವನ ಮಾತನ್ನು ಅವನ ಹಾಗೆಯೇ ಹೇಳಿದರು: “ನಿಮ್ಮನಿಗಿ ಬಂದ್ರ ಆಕಿ ಇಲ್ಲ ಅಂತ ಗೊತ್ತಾಗ್ತದ ಸಾಹೇಬ್ರ. ಇಲ್ಲೇ ಇದ್ರ, ಠಾಕುರ್ಲ್ಯಾಗ ಅದಾಳ ಅಂತ ಅನಕೋಂತ ಇರ್ತೀನಿ.”

ಇವರು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟರು. ನೀರು ಬಹಳ ಹೊತ್ತು ಸುರಿಯುತ್ತಿತ್ತು. ನಾನು ಹೋಗಿ ಬಾಗಿಲು ತಟ್ಟಲಿಲ್ಲ.