ಗಿಳಿಹಸಿರೋ, ಕುಂಕುಮಗೆಂಪೋ

ಒಂದು ಸೀರೆಯ ಬಣ್ಣ ತಿಳಿಯಬೇಕಾದರೆ ಅದನ್ನು ಕಣ್ಣಾರೆ ಕಂಡವರನ್ನೇ ಕೇಳಬೇಕಾಗಿದ್ದ ದಿನಗಳವು. ತೊಂಬತ್ತರ ದಶಕ. ನಾನು ಮಾದಿಹಳ್ಳಿಯಿಂದ ಹಳೇಬೀಡಿನ ಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಆರನೇ ಕ್ಲಾಸಿನ ಹುಡುಗಿ. ಆ ವರ್ಷದ ಸ್ಕೂಲ್ ಡೇಗೆ ಕಮಲವೇಣಮ್ಮ ಅತಿಥಿಯಾಗಿ ಬರುತ್ತಾರೆಂದು ಮೇಷ್ಟ್ರು ಹೇಳಿದರು. ಕಂಪನಿ ನಾಟಕದ ಕಾಲದಲ್ಲಿ ಅವರ ಹಾಡು ಕೇಳಲು ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಅವರೆದುರು ಅವರದೇ ಗಿಳಿಯ ಹಾಡನ್ನು, ಅವರು ರಂಗದ ಮೇಲೆ ತೊಡುತ್ತಿದ್ದ ವೇಷದಲ್ಲೇ ಹಾಡಲು ನನ್ನನ್ನು ಆರಿಸಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಿಕ್ಕಿದ್ದು ಒಂದೇ ಫೋಟೊ, ಅದೂ ಕಪ್ಪು ಬಿಳುಪು. ಮಣಿಕಟ್ಟಿನವರೆಗೆ ತೋಳಿದ್ದ ರವಿಕೆ, ತೋಳ ತುದಿಗೆ ನೆರಿಗೆ, ಕಚ್ಚೆ ಹಾಕಿ ಉಟ್ಟ ಸೀರೆ, ಸೊಂಟಕ್ಕೆ ಡಾಬು, ತಲೆಗೆ ಪುಟ್ಟ ಕಿರೀಟ. ಬಣ್ಣ ಮಾತ್ರ ದೇವರೇ ಬಲ್ಲ.

"ದೇವ್ರ್ ಯಾಕೆ, ನಾನೇ ಬಲ್ಲೆ," ಎಂದರು ಅಜ್ಜಿ. "ಅರಸೀಕೆರೇಲಿ ಕಂಪ್ನಿ ಕ್ಯಾಂಪ್ ಹಾಕಿದ್ದಾಗ ನಿಮ್ಮಜ್ಜ ಕರ್ಕೊಂಡೋಗಿದ್ರು. ಮದ್ವೆ ಆದ ಹೊಸ್ತು. ಗಿಳಿಹಸ್ರು ಸೀರೆ ಕಣೇ."

ಹಳೇಬೀಡಿನ ಬಸ್‌ಸ್ಟ್ಯಾಂಡ್ ಪಕ್ಕದ ಟೈಲರ್ ರಂಗಪ್ಪ ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ.

"ಅಕ್ಕ, ಅದೇ ಕ್ಯಾಂಪಲ್ಲಿ ಮುಂದ್ಗಡೆ ಚಾಪೆ ಮೇಲ್ ಕುಂತು ನಾನೂ ನೋಡಿವ್ನಿ. ಕುಂಕುಮದಂಗೆ ಕೆಂಪಗಿತ್ತು."

"ಗಿಳಿ ಜೊತೆ ಮಾತಾಡೋಳು ಕೆಂಪು ಉಡ್ತಾಳಾ?"

"ಗಿಳಿ ಕೊಕ್ಕು ಕೆಂಪಗಿರಾಕಿಲ್ವಾ?"

ಒಂದು ವಾರ ಇದೇ ವಾದ. ಅಷ್ಟರಲ್ಲಿ ನಮ್ಮ ಪಡಸಾಲೆ ತುಂಬ ರಟ್ಟಿನ ಚೂರು, ಬಳೆಯೊಡಕು, ಮಿರಮಿರ ಮಿಂಚುವ ಬೇಗಡೆ. ಒಲೆಯ ಮೇಲೆ ಕುದಿಸಿದ ಮೈದಾ ಅಂಟಿನ ವಾಸನೆ, ಬಾಯಲ್ಲಿ ಕೊಬ್ಬರಿ ಬೆಲ್ಲ. ಕಿರೀಟ ಒಣಗುವ ಮೊದಲೇ ಹತ್ತು ಸಲ ತಲೆಗಿಟ್ಟುಕೊಂಡು ಕೂದಲಿಗೆಲ್ಲ ಅಂಟು ಮೆತ್ತಿಕೊಂಡೆ. ಅಮ್ಮನಿಂದ ಬೈಗುಳವೂ ಸಿಕ್ಕಿತು.

ಕೊನೆಗೊಂದು ದಿನ ಅಜ್ಜಿ ಚೀಲದಿಂದ ತಮ್ಮ ಧಾರೆ ಸೀರೆಯನ್ನೇ ತೆಗೆದು ರಂಗಪ್ಪನ ಮೇಜಿನ ಮೇಲಿಟ್ಟರು. ಗಿಳಿಹಸಿರು ರೇಷ್ಮೆ, ಕೆಂಪು ಅಂಚು, ಮಡಿಕೆ ಮಡಿಕೆಯಲ್ಲೂ ಲವಂಗದ ಘಮ. ಅವರಿಗಿದ್ದ ರೇಷ್ಮೆ ಸೀರೆ ಅದೊಂದೇ. ನನ್ನ ಅಳತೆಗೆ ಅದನ್ನು ಕತ್ತರಿಸದೆ ವಿಧಿಯಿರಲಿಲ್ಲ.

ರಂಗಪ್ಪ ಕತ್ತರಿ ಕೆಳಗಿಟ್ಟರು. "ಬ್ಯಾಡ ಅಕ್ಕ. ಧಾರೆ ಸೀರೆ. ಒಂದ್ಸಲ ಕತ್ರಿ ಹಾಕುದ್ರೆ ಮುಗೀತು."

"ಪೆಟ್ಟಿಗೇಲಿದ್ದು ಏನ್ ಮಾಡ್ಬೇಕು? ಹಾಕಪ್ಪ. ನಾವ್ ಮರ್ತಿಲ್ಲ ಅಂತ ಆಯಮ್ಮ ನೋಡ್ಲಿ."

ಕತ್ತರಿ ಕರಕರ ಓಡಿದಾಗ ಅಜ್ಜಿ ಮುಖ ತಿರುಗಿಸಿ ಬೇಲೂರು ಬಸ್ಸನ್ನು ನೋಡುತ್ತ ನಿಂತರು. ರಂಗಪ್ಪ ಮೆಲ್ಲಗೆ, "ಅಂಚಾದ್ರೂ ಕೆಂಪೈತಲ್ಲ," ಎಂದರು.

ಸ್ಕೂಲ್ ಡೇ ದಿನ ವೇಷ ತೊಟ್ಟು ನಿಂತೆ. ಎದುರಿಗೆ ಬೆಳ್ಳಿಕೂದಲಿನ, ದಪ್ಪ ಕನ್ನಡಕದ ಕಮಲವೇಣಮ್ಮ. ಮುಂದಿನ ಸಾಲಿನಲ್ಲಿ ಅಜ್ಜಿ, ಅವರ ಹಿಂದೆಯೇ ರಂಗಪ್ಪ. ಹಾಡು ಎಲ್ಲೂ ತಪ್ಪಲಿಲ್ಲ. ಮುಗಿದ ಮೇಲೆ ಕಮಲವೇಣಮ್ಮ ನನ್ನನ್ನು ಹತ್ತಿರ ಕರೆದು ಸೆರಗನ್ನು ಬೆರಳಲ್ಲಿ ಹಿಡಿದು ನೋಡಿದರು.

"ಹಸಿರು ಅಂತ ಯಾರಮ್ಮ ಹೇಳಿದ್ದು?"

ನಾನು ಅಜ್ಜಿಯ ಕಡೆ ಕೈ ತೋರಿಸಿದೆ.

"ನಾನು ಉಡ್ತಿದ್ದದ್ದು ಬಿಳೀ ಸೀರೆ, ಮಗು. ಆ ಪಾತ್ರಕ್ಕೆ ಕಂಪನೀಲಿ ಇದ್ದದ್ದೇ ಅದೊಂದು. ಮೊದಲನೇ ಚರಣಕ್ಕೆ ದೀಪದ ಮುಂದೆ ಹಸಿರು ಗಾಜು ಹಿಡೀತಿದ್ರು, ಎರಡನೇದಕ್ಕೆ ಕೆಂಪು."

ಮೈಕು ಅವರ ಮುಂದೆಯೇ ಇತ್ತು. ಎಲ್ಲರಿಗೂ ಕೇಳಿಸಿತು. ಒಂದು ಗಾಜಿನ ಬಣ್ಣವನ್ನು ನಂಬಿ ಅಜ್ಜಿ ತಮ್ಮ ಧಾರೆ ಸೀರೆಗೆ ಕತ್ತರಿ ಹಾಕಿಸಿದ್ದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಕಮಲವೇಣಮ್ಮ ಸೆರಗು ಬಿಟ್ಟಿರಲಿಲ್ಲ. "ಆ ಬೆಳಕು ನನ್ನ ಕಣ್ಣಿಗೇ ಹೊಡೀತಿತ್ತು. ಎದುರಿಗೆ ಕೂತೋರಿಗೆ ನಾನು ಹೇಗೆ ಕಾಣ್ತಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇವತ್ತು ನೋಡಿದೆ," ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಜ್ಜಿ ನಿಧಾನವಾಗಿ ಹಿಂದಕ್ಕೆ ತಿರುಗಿದರು. "ಹಸ್ರು ಅಂತ ನಾನ್ ಹೇಳ್ಲಿಲ್ವೇನಪ್ಪ?"

"ಕೆಂಪೂ ಇತ್ತಂತಲ್ಲಕ್ಕ," ಎಂದರು ರಂಗಪ್ಪ. ಇಡೀ ಸಭೆ ನಕ್ಕಿತು. ಅಷ್ಟೊಂದು ಖುಷಿಯಾಗಿದ್ದ ಅಜ್ಜಿಯನ್ನು ನಾನು ಮತ್ತೆಂದೂ ಕಾಣಲಿಲ್ಲ.

ಈಗ ಮೂವರೂ ಇಲ್ಲ. ರಂಗಪ್ಪನ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ. ಮೊನ್ನೆ ನನ್ನ ಮಗಳು ಸ್ಕೂಲಿನ ವೇಷಕ್ಕೆಂದು ಆ ಹಳೆಯ ಕಪ್ಪುಬಿಳುಪು ಫೋಟೊ ಹಿಡಿದು, "ಅಮ್ಮ, ಈ ಸೀರೆ ಯಾವ ಬಣ್ಣ?" ಎಂದಳು. ಬಿಳಿ ಎಂದು ಉಟ್ಟವರ ಬಾಯಿಂದಲೇ ಕೇಳಿದ್ದವಳು ನಾನು. ಆದರೂ, "ಗಿಳಿಹಸಿರು" ಎಂದೆ. ಹೇಳಿ ಒಂದು ಗಳಿಗೆ ಸುಮ್ಮನೆ ಕಾದೆ. ಅಲ್ಲ, ಕೆಂಪು ಎಂದು ಜಗಳ ತೆಗೆಯಲು ಯಾರೂ ಇರಲಿಲ್ಲ.