ಗಟ್ಟಿ ಎಣ್ಣೆಯ ಜಗಳ

ಊರಿನವರು ಅವನನ್ನು ಬೆಣ್ಣೆ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಆದರೆ ಮೂವತ್ತು ವರ್ಷದ ಬೇಕರಿ ಬದುಕಿನಲ್ಲಿ ಅವನು ಬೆಣ್ಣೆ ಮುಟ್ಟಿದ್ದೇ ಅಪರೂಪ. ಅವನ ಪಫ್‌ಗಳು ಪದರಪದರವಾಗಿ ಅರಳುತ್ತಿದ್ದುದು ಗಟ್ಟಿ ಮಾಡಿದ ಎಣ್ಣೆಯಿಂದ. ಬೆಳ್ಳಗೆ, ವಾಸನೆಯಿಲ್ಲದೆ, ಡಬ್ಬದಿಂದ ಕೆತ್ತಿ ತೆಗೆಯಬೇಕಾದ ಕೊಬ್ಬು ಅದು. ಪದರ ಸರಿಯಾಗಿ ಬಂತೋ ಇಲ್ಲವೋ ನೋಡಲು ಒಲೆಯಿಂದ ಇಳಿದ ಪ್ರತಿ ತಟ್ಟೆಯಿಂದಲೂ ಒಂದನ್ನು ಮುರಿದು ತಾನೇ ತಿನ್ನುತ್ತಿದ್ದ.

ಆ ಡಬ್ಬಗಳು ಬರುತ್ತಿದ್ದ ಎಣ್ಣೆ ಕಾರ್ಖಾನೆಯ ಪ್ರಯೋಗಾಲಯದಲ್ಲೇ ಅವನ ತಂಗಿಗೆ ಕೆಲಸ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದು ಬೆಳಗ್ಗೆ ಅವಳು ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ, "ಅಣ್ಣಾ, ಈ ಕೊಬ್ಬು ಬಿಟ್ಬಿಡು. ಎದೆಗೆ ಒಳ್ಳೇದಲ್ಲ" ಅಂದಿದ್ದಳು. ಒಬ್ಬ ಗಿರಾಕಿ ಕೈಯಲ್ಲಿದ್ದ ಪೊಟ್ಟಣವನ್ನು ಅಲ್ಲೇ ಇಟ್ಟು ಹೋದ. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು.

"ನಿನ್ನ ಹೊಟ್ಟೆ ತುಂಬೋದೂ ಇದರಿಂದಲೇ ಕಣೇ! ಉಂಡ ಮನೆಗೆ ಎರಡು ಬಗೀತೀಯಾ? ಇನ್ನೊಂದ್ಸಲ ಬಂದ್ರೆ ಕಾಲು ಮುರೀತೀನಿ!"

ಅಲ್ಲಿಂದ ಹನ್ನೊಂದು ವರ್ಷ ಮಾತು ನಿಂತಿತು.

ಹಿಟ್ಟು ನಾದುತ್ತಿದ್ದವನು ಎದೆ ಹಿಂಡಿ ಕುಸಿದಾಗ ವಯಸ್ಸು ಐವತ್ತೆರಡು. ಕಟ್ಟಿಕೊಂಡಿದ್ದ ರಕ್ತನಾಳವನ್ನು ಆಸ್ಪತ್ರೆಯಲ್ಲಿ ಎರಡು ಕಡೆ ತೆರೆದರು. ಮೂರನೆಯ ದಿನ ತಂಗಿ ಬಂದಳು. ಬರಿಗೈಯಲ್ಲಿ ಬಂದು ಬಾಗಿಲ ಬಳಿಯೇ ನಿಂತಳು.

"ನೋಡಿ ನಗೋಕೆ ಬಂದ್ಯಾ?"

"ಅತ್ತಿಗೆ ಕರೆದ್ರು, ಬಂದೆ."

"ದಿನಾ ಒಲೆ ಮುಂದೆ ಬೆವರು ಸುರಿಸ್ತೀನಿ. ತಿಂದದ್ದು ಕರಗಲ್ವಾ?"

ಅವಳು ಪಾಠ ಒಪ್ಪಿಸುವವಳಂತೆ ಹೇಳಿದಳು. "ಕರಗುತ್ತೆ. ಬೇರೆ ಎಣ್ಣೆ ಥರಾನೇ ದೇಹ ಇದನ್ನೂ ಒಳಗೆ ತಗೊಂಡು, ತುಂಡು ತುಂಡು ಮಾಡಿ ಉರಿಸುತ್ತೆ. ಆದ್ರೆ ಎಣ್ಣೆಯ ಅಣುವಿನ ಸರಪಳೀಲಿ ಒಂದು ಬಾಗು ಇರುತ್ತೆ. ಗಟ್ಟಿ ಮಾಡುವಾಗ ಕೆಲವು ನೆಟ್ಟಗಾಗಿಬಿಡ್ತವೆ. ಅಂಥ ಜಾಗಕ್ಕೆ ಬಂದಾಗ ಕತ್ತರಿಸೋ ಕೆಲಸ ನಿಧಾನ ಆಗುತ್ತೆ, ಒಂದಿಷ್ಟು ಅರ್ಧಕ್ಕೇ ಉಳ್ಕೊಳ್ಳುತ್ತೆ. ಉರಿಯದೇ ಇದ್ದದ್ದು ಜೀವಕೋಶದ ಪೊರೆಗೆ, ಮೈಕೊಬ್ಬಿಗೆ ಸೇರ್ಕೊಳ್ಳುತ್ತೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುತ್ತೆ, ಒಳ್ಳೇದು ಇಳಿಯುತ್ತೆ."

"ತಿನ್ನೋದು ಬಿಟ್ರೆ?"

"ರಕ್ತ ಕೆಲವು ವಾರದಲ್ಲಿ ಸುಧಾರಿಸುತ್ತೆ. ಕೊಬ್ಬಲ್ಲಿ ಕೂತದ್ದಕ್ಕೆ ತಿಂಗಳುಗಟ್ಟಲೆ ಬೇಕು. ರಕ್ತನಾಳಕ್ಕೆ ಆಗಿದ್ದು ಆಗಿಹೋಯ್ತು."

"ಇಷ್ಟೆಲ್ಲ ಗೊತ್ತಿದ್ದೂ ದಿನಾ ಅದನ್ನೇ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ?"

"ಮಾಡ್ತೀನಿ. ತಿನ್ನಲ್ಲ."

ನೀರಿನ ಲೋಟ ಹೋಗಿ ಗೋಡೆಗೆ ಬಡಿಯಿತು. ನರ್ಸ್ ಓಡಿಬರುವಷ್ಟರಲ್ಲಿ ತಂಗಿ ಹೊರಟುಹೋಗಿದ್ದಳು.

ಹಾಸಿಗೆಯಲ್ಲಿದ್ದಷ್ಟು ದಿನವೂ ಆ ಒಂದು ಮಾತು ಅವನನ್ನು ಕೊರೆಯಿತು. ಎದ್ದವನೇ ಉಳಿದ ಡಬ್ಬಗಳನ್ನು ಚರಂಡಿ ಪಕ್ಕಕ್ಕೆ ಎಸೆಸಿ ನಿಜವಾದ ಬೆಣ್ಣೆ ತರಿಸಿದ. ಮೊದಲ ವಾರ ಪಫ್‌ಗಳು ಚಪ್ಪಲಿಯ ಹಾಗೆ ಬಂದವು. ಬೈದುಕೊಂಡೇ ಕಲಿತ. ಅಷ್ಟಕ್ಕೇ ಅವನ ಹೊಟ್ಟೆಯ ಉರಿ ಆರಲಿಲ್ಲ. ಊರಿನ ಬೇಕರಿಗಳನ್ನೆಲ್ಲ ಸುತ್ತಿ, "ಅದನ್ನ ಮಾಡೋಳೇ ಬಾಯಿಗಿಡಲ್ಲ. ನನ್ನ ಒಡಹುಟ್ಟಿದ ತಂಗಿ ಬಾಯಿಂದಲೇ ಬಂದ ಮಾತು" ಎಂದು ಹೇಳಿಬಂದ. ಒಬ್ಬೊಬ್ಬರಾಗಿ ಬೇಕರಿಯವರು ಕಾರ್ಖಾನೆಯ ಡಬ್ಬ ತರಿಸುವುದನ್ನು ನಿಲ್ಲಿಸಿದರು. ಕಾರ್ಖಾನೆಯ ಮ್ಯಾನೇಜರ್ ಅವಳನ್ನು ಕರೆಸಿ ಎಲ್ಲರೆದುರು ಉಗಿದು ಉಪ್ಪಿನಕಾಯಿ ಹಾಕಿದ.

ಅವಳು ನೇರವಾಗಿ ಅಂಗಡಿಗೆ ನುಗ್ಗಿದಳು. "ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ ಪಾಪಿ!"

"ನಾನು ಹೇಳಿದ್ರಲ್ಲಿ ಒಂದಾದ್ರೂ ಸುಳ್ಳಿದೆಯಾ?"

ಅವಳು ಬಂದ ಹಾಗೆಯೇ ತಿರುಗಿ ಹೊರಟುಹೋದಳು.

ಪ್ರಯೋಗಾಲಯದಿಂದ ತೆಗೆದು ಅವಳನ್ನು ಬಾಟಲಿಗೆ ಮುಚ್ಚಳ ಹಾಕುವ ವಿಭಾಗಕ್ಕೆ ತಳ್ಳಿದರು. ಮರುವರ್ಷ ಎಣ್ಣೆ ಗಟ್ಟಿ ಮಾಡುವ ಘಟಕವೇ ಮುಚ್ಚಿತು. ಮೇಸ್ತ್ರಿಯ ರಕ್ತ ಪರೀಕ್ಷೆ ಸರಿಯಾಯಿತು, ಬೆಣ್ಣೆಯ ಬೆಲೆಗೆ ಹೆದರಿ ಗಿರಾಕಿಗಳು ಅರ್ಧಕ್ಕೆ ಇಳಿದರು. ಅವನ ಹೆಂಡತಿ ಒಮ್ಮೆ ಇಬ್ಬರನ್ನೂ ಊಟಕ್ಕೆ ಒಂದೇ ಮೇಜಿಗೆ ಕೂರಿಸಿದಳು. ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ತಂಗಿ ಮುಂಬಾಗಿಲಿನಿಂದ ಹೋದಳು, ಅವನು ಹಿತ್ತಿಲ ಬಾಗಿಲಿನಿಂದ.