ನಾಲ್ಕು ಹಿತ್ತಾಳೆ ಸ್ಕ್ರೂಗಳು

ಹುಣಸೂರಿನಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಕೆಲಸದಲ್ಲಿ ನಾನು ಎತ್ತಿದ ಕೈ. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲೇ. ರೇಡಿಯೋ ಕೊಟ್ಟವರು "ಒಸಿ ಬೇಗ" ಅಂದರೆ ಸಾಕು, ಬಿಚ್ಚಿದ ಪೆಟ್ಟಿಗೆಯನ್ನು ಹಾಗೇ ಅವರ ಕೈಗಿಟ್ಟು ಕಳಿಸಿದ್ದೂ ಉಂಟು. ಆದರೂ ಜನ ಬರುತ್ತಿದ್ದರು. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ನನ್ನಷ್ಟು ಬಲ್ಲವನು ಇನ್ನೊಬ್ಬನಿಲ್ಲ ಎಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. ಹಬ್ಬಿಸಿದವನು ನಾನೇ.

ಎಪ್ಪತ್ತರ ದಶಕದ ಶುರುವಿನ ಮಾತು. ಪಿರಿಯಾಪಟ್ಟಣದ ಆಚೆ ಹೊಗೆಸೊಪ್ಪು ಬೆಳೆಯುತ್ತಿದ್ದ ಸಾಹುಕಾರರೊಬ್ಬರು ಒಂದು ದಿನ ಜೀಪಿನಲ್ಲಿ ಅಂಗಡಿಗೆ ಬಂದರು. ರಿಪೇರಿಗೆ ರೇಡಿಯೋ ಏನೂ ತಂದಿರಲಿಲ್ಲ.

"ಒಂದು ವಿಮಾನಕ್ಕೆ ರೇಡಿಯೋ ಕೂರಿಸ್ಬೇಕು. ಆಗುತ್ತೇನ್ರೀ?" ಎಂದು ಕೇಳಿದರು.

ಆಗುತ್ತದೆ ಎಂದು ನಾಲಗೆ ಹೇಳಿಬಿಟ್ಟಿತು. ವಿಮಾನವನ್ನು ನಾನು ಅಲ್ಲಿಯವರೆಗೆ ಹತ್ತಿರದಿಂದ ನೋಡಿಯೂ ಇರಲಿಲ್ಲ.

ಅವರ ಹೊಲದ ಅಂಚಿನಲ್ಲಿ ಉದ್ದಕ್ಕೆ ರೋಲರ್ ಎಳೆದು ಗಟ್ಟಿ ಮಾಡಿದ ಹುಲ್ಲಿನ ಬಯಲಿತ್ತು. ದೂರದಲ್ಲಿ ಬೆಟ್ಟದಪುರದ ಬೆಟ್ಟ. ತಗಡಿನ ಚಪ್ಪರದ ಕೆಳಗೆ ನಾಲ್ಕು ಸೀಟಿನ ಆ ವಿಮಾನ ನಿಂತಿತ್ತು. ಉತ್ತರದ ಕಡೆಯ ಯಾವುದೋ ಚಹಾ ತೋಟದವರು ಬಳಸಿ ಮಾರಿದ್ದು. ಬಣ್ಣ ಮಾಸಿತ್ತು, ಬಾಗಿಲು ಕಿರುಗುಟ್ಟುತ್ತಿತ್ತು. ರೆಕ್ಕೆಯ ತುದಿಯನ್ನು ಒಂದು ಬೆರಳಿನಿಂದ ಒತ್ತಿದೆ, ಇಡೀ ವಿಮಾನ ಅಲುಗಾಡಿತು. ಇಷ್ಟು ಹಗುರವಾದದ್ದನ್ನು ನಂಬಿ ಮನುಷ್ಯರು ಆಕಾಶಕ್ಕೆ ಹೋಗುತ್ತಾರೆ ಎಂಬುದು ತಿಳಿದು ನನ್ನ ಮೈ ಜುಮ್ಮೆಂದಿತು.

ಸಾಹುಕಾರರು ಯೌವನದಲ್ಲೇ ಹಾರಾಟ ಕಲಿತವರು. ಕೊಂಡ ವಿಮಾನವನ್ನು ತಾವೇ ಓಡಿಸಿಕೊಂಡು ಬರುವಾಗ ಕೊಡಗಿನ ಗಡಿಯಲ್ಲಿ ಮೋಡಕ್ಕೆ ಸಿಕ್ಕಿದ್ದರಂತೆ. "ಮೇಲ್ಯಾವುದು ಕೆಳಗ್ಯಾವುದು ಗೊತ್ತಾಗಲಿಲ್ಲ ಕಣ್ರೀ. ಮೋಡದಿಂದ ಈಚೆ ಬಂದಾಗ ಒಂದು ರೆಕ್ಕೆ ನೆಲ ನೋಡ್ತಿತ್ತು," ಎಂದರು. ಹೇಳುವಾಗಲೂ ಅವರ ಮುಖ ಬಿಳುಪೇರಿತು. ಹಾಗಾಗಿ ಪೈಲಟ್ ಎದುರಿನ ಸೀಳುಬಿಟ್ಟ ಹಳೆಯ ಫಲಕವನ್ನು ಕಿತ್ತು ಹೊಸದು ಹಾಕಿಸಲು ಹೊರಟಿದ್ದರು. ಅದರಲ್ಲಿ ಒಂದು ರೇಡಿಯೋ, ಮೋಡದೊಳಗೂ ನೆಲದ ಮಟ್ಟ ತೋರಿಸುವ ದಿಗಂತದ ಗಡಿಯಾರ, ಜೊತೆಗೆ ಹಳೆಯ ದಿಕ್ಸೂಚಿ. ಬೆಂಗಳೂರಿನ ಲೈಸೆನ್ಸ್ ಇದ್ದ ಇಂಜಿನಿಯರೊಬ್ಬರು ನಕ್ಷೆ ಬರೆದುಕೊಟ್ಟು ಉಪಕರಣಗಳನ್ನು ಪೆಟ್ಟಿಗೆಯಲ್ಲಿ ಕಳಿಸಿದ್ದರು. ಕೊನೆಯಲ್ಲಿ ಅವರೇ ಬಂದು ಪರೀಕ್ಷೆ ಮಾಡಿ ಸಹಿ ಹಾಕಬೇಕು. ಸಹಿ ಇಲ್ಲದೆ ಹಾರುವಂತಿಲ್ಲ.

ಫಲಕ ಕತ್ತರಿಸಲು ಪಿರಿಯಾಪಟ್ಟಣದ ತಗಡಿನ ಕೆಲಸದ ಸಾಹೇಬರನ್ನು ಕರೆಸಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಗೆ ಬಿಸಿಗಾಳಿಯ ಕೊಳವೆ ಮಾಡುವುದು ಅವರ ಕಸುಬು. ಐವತ್ತು ದಾಟಿದ ವಯಸ್ಸು, ಸಣ್ಣ ಗಡ್ಡ, ಮಾತು ಕಡಿಮೆ. ಒಲೆಯ ಕೊಳವೆ ಮಾಡುವವರಿಗೂ ವಿಮಾನಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ನಾನು ಒಳಗೊಳಗೇ ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ಅವರು ಅಲ್ಯೂಮಿನಿಯಂ ಹಾಳೆಯ ಮೇಲೆ ಕೈವಾರದಿಂದ ಗೀರೆಳೆದು, ಕತ್ತರಿಯಿಂದ ಗೀರಿನ ಒಳಗೇ ಕತ್ತರಿಸಿ, ಉಳಿದ ಕೂದಲಷ್ಟನ್ನು ಅರದಿಂದ ಉಜ್ಜುತ್ತಿದ್ದರು. ಉಜ್ಜಿದ ಅಂಚನ್ನು ಕಣ್ಣುಮುಚ್ಚಿ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ದಿಗಂತದ ಗಡಿಯಾರವನ್ನು ಅದರ ತೂತಿಗೆ ಹಿಡಿದಾಗ ಅದು ಎಲ್ಲಿಯೂ ತಡೆಯದೆ, ಎಲ್ಲಿಯೂ ಸಡಿಲವಾಗದೆ ಒಳಗೆ ಜಾರಿ ಕುಳಿತಿತು. ಹತ್ತು ದಿನಕ್ಕೆ ಅಂಥ ಏಳು ತೂತು. ನಾನು ಬಾಯಿಬಿಟ್ಟು ಹೊಗಳಲಿಲ್ಲ. ಹೊಗಳುವ ಅಭ್ಯಾಸ ನನಗಿರಲಿಲ್ಲ.

ಆ ದಿಗಂತದ ಗಡಿಯಾರದ ವಿಷಯ ಹೇಳಲೇಬೇಕು. ಅದರ ಒಳಗೆ ಗಾಳಿಯಿಂದ ತಿರುಗುವ ಒಂದು ಬುಗುರಿ ಇದೆ. ಸಾಹುಕಾರರು ಇಂಜಿನ್ ಓಡಿಸಿದಾಗ ಗಾಜಿನ ಒಳಗೆ ಸೊಟ್ಟಗೆ ಬಿದ್ದಿದ್ದ ಬಿಳಿ ಗೆರೆ ನಿಧಾನವಾಗಿ ಎದ್ದು ಮಟ್ಟವಾಗಿ ನಿಂತಿತು. ಇಂಜಿನ್ ನಿಲ್ಲಿಸಿದ ಮೇಲೂ ಬುಗುರಿ ಬಹಳ ಹೊತ್ತು ತಿರುಗುತ್ತಿರುತ್ತದೆ. ಆಗ ಆಳುಗಳಿಂದ ಒಂದು ರೆಕ್ಕೆ ಎತ್ತಿಸಿದರು. ವಿಮಾನ ವಾಲಿತು, ಫಲಕ ವಾಲಿತು, ಒಳಗೆ ಕುಳಿತ ನಾವೂ ವಾಲಿದೆವು. ಆ ಗೆರೆ ಮಾತ್ರ ಹೊರಗಿನ ಹೊಲದ ಅಂಚಿಗೆ ಸರಿಸಮವಾಗಿ ಹಾಗೇ ಇತ್ತು.

ಸಾಹೇಬರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ಭೂಮಿ ಎಲ್ಲೈತೆ ಅಂತ ಇದ್ಕೆ ಯಾರ್ ಹೇಳುದ್ರು?" ಎಂದು ಮೆಲ್ಲಗೆ ಕೇಳಿದರು.

ಬುಗುರಿಯ ಶಾಸ್ತ್ರವೆಲ್ಲ ನನಗೆ ಓದಿ ಗೊತ್ತಿತ್ತು. ಆದರೂ ಬಗ್ಗಿ ಇನ್ನೊಮ್ಮೆ ಆ ಗೆರೆಯನ್ನೇ ನೋಡಿದೆ.

ಇನ್ನು ನನ್ನ ಘನಕಾರ್ಯ. ಇಂಜಿನಿಯರ್ ಕಳಿಸಿದ ಚೀಟಿಯಲ್ಲಿ ಒಂದು ಮಾತಿಗೆ ಕೆಳಗೆರೆ ಹಾಕಿದ್ದರು: ದಿಕ್ಸೂಚಿಗೆ ಹಿತ್ತಾಳೆ ಸ್ಕ್ರೂ ಮಾತ್ರ ಹಾಕಿ. ನಾಲ್ಕು ಹಿತ್ತಾಳೆ ಸ್ಕ್ರೂಗಳನ್ನು ಪೊಟ್ಟಣ ಕಟ್ಟಿ ಇಟ್ಟೂ ಇದ್ದರು. ನನ್ನ ಸ್ಕ್ರೂಡ್ರೈವರೋ, ಸ್ಪೀಕರಿನ ಅಯಸ್ಕಾಂತಕ್ಕೆ ಉಜ್ಜಿ ಉಜ್ಜಿ ಕಬ್ಬಿಣವನ್ನು ಸೆಳೆಯುವಂತೆ ಮಾಡಿಕೊಂಡದ್ದು. ಕೈ ಹೋಗದ ಮೂಲೆಯಲ್ಲಿ ಸ್ಕ್ರೂ ತುದಿಗೆ ಕಚ್ಚಿಕೊಂಡಿರಲಿ ಎಂದು ರೇಡಿಯೋದವರೆಲ್ಲ ಹಾಗೆ ಮಾಡುತ್ತಿದ್ದೆವು. ಹಿತ್ತಾಳೆ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಸೀಟಿನ ಕೆಳಗೆ ತಲೆ, ಮೇಲೆ ಕಾಲು ಮಾಡಿಕೊಂಡು ಮಲಗಿ, ಬೆವರು ಕಣ್ಣಿಗಿಳಿಯುತ್ತಿರುವಾಗ ಮೊದಲ ಸ್ಕ್ರೂ ಜಾರಿ ನೆಲದ ಸಂದಿಗೆ ಬಿತ್ತು. ಅರ್ಧ ಗಂಟೆ ಹುಡುಕಿ ತೆಗೆದೆ. ಮತ್ತೆ ಬಿತ್ತು. ನನಗೆ ತಲೆ ಕೆಟ್ಟಿತು. ಬಿದ್ದದ್ದನ್ನು ಹೆಕ್ಕಿ ಪೊಟ್ಟಣಕ್ಕೆ ತುರುಕಿ, ಪೊಟ್ಟಣವನ್ನು ಮೂಲೆಗೆ ಎಸೆದು, ನನ್ನ ಡಬ್ಬಿಯಿಂದ ನಾಲ್ಕು ಕಬ್ಬಿಣದ ಸ್ಕ್ರೂ ತೆಗೆದು ಚಕಚಕನೆ ಬಿಗಿದೆ. ಬಿಗಿದದ್ದನ್ನು ಮರೆತೂ ಬಿಟ್ಟೆ.

ಯುಗಾದಿ ಹತ್ತಿರವಿತ್ತು. ಇಂಜಿನಿಯರ್ ಮರುದಿನ ಬರುವವರಿದ್ದರು. ವಿಮಾನವನ್ನು ಚಪ್ಪರದಿಂದ ಬಯಲಿಗೆ ತಳ್ಳಿ ನಿಲ್ಲಿಸಿದ್ದೆವು. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ, ನೆರಳು ಕಾಲಡಿಯಲ್ಲಿ. ಸಾಹೇಬರು ರೆಕ್ಕೆಯ ಕೆಳಗೆ ಟವಲು ಹಾಸಿ, ವಿಮಾನದ ಮೂತಿ ನೋಡುತ್ತಿದ್ದ ಕಡೆಗೇ ಮುಖ ಮಾಡಿ ನಮಾಜಿಗೆ ನಿಂತರು. ಒಳಗೆ ಕುಳಿತ ನಾನು ದಿಕ್ಸೂಚಿ ನೋಡಿದೆ. ವಿಮಾನದ ಮೂತಿ ಪಶ್ಚಿಮಕ್ಕಿಂತ ಮೂವತ್ತು ಡಿಗ್ರಿ ಎಡಕ್ಕಿದೆ ಎಂದು ಅದು ತೋರಿಸುತ್ತಿತ್ತು. ನನ್ನೊಳಗಿನ ಕುಚೇಷ್ಟೆ ಎದ್ದು ಕುಳಿತಿತು. ಅವರು ಟವಲು ಮಡಚುವವರೆಗೆ ಕಾದೆ.

"ಸಾಹೇಬ್ರೆ, ನೀವು ಪಶ್ಚಿಮ ಬುಟ್ಟು ಎಲ್ಲಿಗೋ ತಿರುಗ್ಬುಟ್ಟಿದ್ರಿ. ಬೇಕಾದ್ರೆ ಬಂದು ಮುಳ್ಳು ನೋಡಿ," ಎಂದೆ.

ಅವರು ಬಂದು ಬಗ್ಗಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಈ ಬಯಲ್ನಾಗೆ ಹತ್ ದಿನದಿಂದ ನಿಂತಿವ್ನಿ, ಹತ್ ಸಾಯಂಕಾಲ ಸೂರ್ಯ ಮುಳುಗೋದ ನೋಡಿವ್ನಿ. ನಾನ್ ತಪ್ಪಿಲ್ಲ ಕಣ್ರೀ. ನಿಮ್ ಮುಳ್ಳು ತಪ್ಪೈತೆ," ಎಂದರು.

ನಾನು ಜೋರಾಗಿ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಸಾಹುಕಾರರು ಬಂದು ಪೈಲಟ್ ಸೀಟಿನಲ್ಲಿ ಕುಳಿತರು. ಕೆಂಪು ಸೂರ್ಯ ಸರಿಯಾಗಿ ವಿಮಾನದ ಮೂತಿಯ ನೇರಕ್ಕೆ ಇಳಿಯುತ್ತಿದ್ದ. ಅವರು ಸೂರ್ಯನನ್ನು ನೋಡಿದರು, ದಿಕ್ಸೂಚಿಯನ್ನು ನೋಡಿದರು.

"ಇದನ್ನ ನಂಬಿ ಮೋಡದೊಳಗೆ ಹೋದ್ರೆ ಪಿರಿಯಾಪಟ್ಟಣ ಅಂದ್ಕೊಂಡು ಯಾವುದಾದರೂ ಬೆಟ್ಟಕ್ಕೆ ಹೊಡೀತೀನಿ. ಯಾರ ಕೆಲಸ ಇದು?"

ನನ್ನ ಬಾಯಿ ಎಂದಿನಂತೆ ಮುಂದೆ ಓಡಿತು. "ತಗಡಿನಲ್ಲಿ ಏನೋ ಕಬ್ಬಿಣ ಬೆರಕೆ ಇರಬೇಕು ಸಾರ್," ಎಂದೆ.

ಸಾಹೇಬರು ಅಲ್ಲೇ ನಿಂತಿದ್ದರು. ಸಾಹುಕಾರರು ಅವರ ಕಡೆ ತಿರುಗಿ, ನಾಳೆ ಇಂಜಿನಿಯರ್ ಒಪ್ಪದಿದ್ದರೆ ಫಲಕವನ್ನು ಕಿತ್ತೆಸೆದು ಬೆಂಗಳೂರಿನಲ್ಲಿ ಮಾಡಿಸುವುದಾಗಿ ಹೇಳಿ ಜೀಪು ಹತ್ತಿದರು. ಸಾಹೇಬರು ಫಲಕದ ಅಂಚನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿದರು. ಕತ್ತರಿ, ಅರಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರು ಆಗಲೇ ವಿಮಾನದೊಳಗೆ ಕುಳಿತಿದ್ದರು. ಅದೇ ಹಾಳೆಯ ಉಳಿಕೆ ಚೂರೊಂದು ಕೈಯಲ್ಲಿತ್ತು. ನನ್ನನ್ನು ನೋಡಿ, ಚೂರನ್ನು ದಿಕ್ಸೂಚಿಯ ಹತ್ತಿರ ಹಿಡಿದರು. ಮುಳ್ಳು ಕದಲಲಿಲ್ಲ. ತಮ್ಮ ಕತ್ತರಿ ಹಿಡಿದರು, ಸ್ವಲ್ಪ ಕದಲಿತು. ಆಮೇಲೆ ಸೀಟಿನ ಮೇಲೆ ಬಿದ್ದಿದ್ದ ನನ್ನ ಸ್ಕ್ರೂಡ್ರೈವರ್ ಎತ್ತಿಕೊಂಡರು. ಅದರ ತುದಿಗೆ ನನ್ನ ಡಬ್ಬಿಯ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿತ್ತು. ಹತ್ತಿರ ತಂದದ್ದೇ ತಡ, ದಿಕ್ಸೂಚಿ ಗಿರ್ರನೆ ತಿರುಗಿತು.

ಅವರು ನಾಲ್ಕು ಸ್ಕ್ರೂಗಳನ್ನು ನೋಡಿ, ಮೂಲೆಯಲ್ಲಿದ್ದ ಪೊಟ್ಟಣವನ್ನು ನೋಡಿದರು. ನನಗೆ ಎಲ್ಲ ತಿಳಿಯಿತು. ಕಬ್ಬಿಣ ಹಾಕಿದ್ದು ಒಂದು ತಪ್ಪು. ನನ್ನ ಸ್ಕ್ರೂಡ್ರೈವರಿನಿಂದ ಬಿಗಿದು ಆ ಕಬ್ಬಿಣವನ್ನೇ ಅಯಸ್ಕಾಂತ ಮಾಡಿದ್ದು ಅದರ ಮೇಲಿನ ತಪ್ಪು.

"ಹಿತ್ತಾಳೆ ಬಿದ್ದು ಬಿದ್ದು ಹೋಗ್ತಿತ್ತು," ಎಂದೆ.

"ಅಷ್ಟೇಯಾ? ತಾಳಿ," ಎಂದು ಅವರು ಜೇಬಿನಿಂದ ಜೇನುಮೇಣದ ಉಂಡೆ ತೆಗೆದರು. ಕಾಕನಕೋಟೆಯ ಕಡೆಯ ಕಾಡಿನ ಹಾಡಿಯವರು ಸಂತೆಗೆ ತರುತ್ತಿದ್ದ ಮೇಣ. ತಮ್ಮ ಸ್ಕ್ರೂಡ್ರೈವರಿನ ತುದಿಗೆ ಒಂದು ಚೂರು ಮೆತ್ತಿ ಹಿತ್ತಾಳೆ ಸ್ಕ್ರೂ ಅಂಟಿಸಿದರು. ತಲೆಕೆಳಗು ಮಾಡಿದರೂ ಅದು ಬೀಳಲಿಲ್ಲ.

ಹಳೆಯ ಸ್ಕ್ರೂಗಳನ್ನು ನಾನೇ ಅವರ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಬಿಚ್ಚಿ ಆ ಜಾಗಕ್ಕೆ ಹಿತ್ತಾಳೆಯದನ್ನು ಹಾಕಿದೆ. ಒಂದೊಂದು ಹೊರಬಂದಾಗಲೂ ದಿಕ್ಸೂಚಿ ಕೊಂಚ ಕೊಂಚ ಸರಿಯಿತು. ನಾಲ್ಕನೆಯದು ಬಂದಾಗ, ಯಾರೋ ಕಿವಿ ಹಿಡಿದು ತಿರುಗಿಸಿದ ಹಾಗೆ, ಮೆಲ್ಲಗೆ ಪಶ್ಚಿಮಕ್ಕೆ ಬಂದು ನಿಂತಿತು. ಹಿಂದಿನ ಮಧ್ಯಾಹ್ನ ಅವರು ಟವಲು ಹಾಸಿದ್ದ ಕಡೆಗೆ. ಇಷ್ಟು ದೊಡ್ಡ ಭೂಮಿ ಈ ಪುಟ್ಟ ಗಾಜಿನೊಳಗೆ ಕೈಚಾಚುತ್ತದೆ, ಅದರ ಕೈಗೆ ನನ್ನ ನಾಲ್ಕು ಸ್ಕ್ರೂ ಅಡ್ಡ ಬಂದಿದ್ದವು. ನಾನು ಬೆರಗಾಗಿ ಕುಳಿತೆ.

ಹತ್ತು ಗಂಟೆಗೆ ಸಾಹುಕಾರರು, ಇಂಜಿನಿಯರ್ ಬಂದರು. "ಏನಾಯ್ತು?" ಎಂದಾಗ ಸಾಹೇಬರು, "ಸ್ಕ್ರೂ ಬದಲಾಯ್ಸುದ್ವಿ ಸಾಹುಕಾರ್ರೆ, ಸರಿಹೋಯ್ತು," ಎಂದಷ್ಟೇ ಹೇಳಿದರು. ಅಲ್ಲಿಗೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವರು ನನ್ನನ್ನು ಕಾಯಲು ಬಳಸಿದ ಆ ಬಹುವಚನ ನನ್ನನ್ನು ಸುಟ್ಟಿತು.

"ತಗಡು ಮೊದಲಿಂದಲೂ ಸರಿಯಾಗೇ ಇತ್ತು ಸಾರ್. ಕಬ್ಬಿಣದ ಸ್ಕ್ರೂ ಹಾಕಿದ್ದು ನಾನು. ನಿನ್ನೆ ಇವರ ಮೇಲೆ ಹೊರಿಸಿದೆ," ಎಂದೆ. ಸಾಹುಕಾರರು ನನ್ನನ್ನು ಒಮ್ಮೆ ನೋಡಿದರು. ಸಾಹೇಬರ ಹತ್ತಿರ ಹೋಗಿ, "ನಾನು ವಿಚಾರಿಸದೆ ಮಾತಾಡ್ಬಿಟ್ಟೆ, ಮನಸ್ಸಿಗೆ ಹಾಕ್ಕೋಬೇಡಿ," ಎಂದರು.

ಇಂಜಿನಿಯರ್ ವಿಮಾನವನ್ನು ಕೈಯಿಂದ ತಳ್ಳಿಸಿ ಸುತ್ತಲೂ ತಿರುಗಿಸಿ, ಬೆಟ್ಟದಪುರದ ಬೆಟ್ಟವನ್ನು ಗುರುತಾಗಿಟ್ಟುಕೊಂಡು ದಿಕ್ಸೂಚಿಯನ್ನು ಎಂಟೂ ದಿಕ್ಕಿಗೆ ಪರೀಕ್ಷಿಸಿದರು. ಆಮೇಲೆ ಫಲಕದ ತೂತುಗಳನ್ನು ಬೆರಳಿನಿಂದ ಸವರಿ, "ಇದನ್ನ ಯಾವ ಮೆಷಿನ್‌ನಲ್ಲಿ ಮಾಡಿಸಿದ್ರಿ?" ಎಂದರು. ನಾನು ಸಾಹೇಬರ ಕತ್ತರಿ ತೋರಿಸಿದೆ. ಅವರು ಕತ್ತರಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕಾಗದಕ್ಕೆ ಸಹಿ ಬಿತ್ತು.

ಮೊದಲು ಸಾಹುಕಾರರು, ಇಂಜಿನಿಯರ್ ಇಬ್ಬರೂ ಹಾರಿ ಬಂದರು. ಮೂರು ಗಂಟೆಯ ಮೇಲೆ ಸಾಹುಕಾರರು ನಮ್ಮಿಬ್ಬರನ್ನೂ ಹತ್ತಿಸಿಕೊಂಡರು. ನಾನು ಮುಂದೆ, ಸಾಹೇಬರು ಹಿಂದೆ. ನೆಲ ಕೆಳಗಿಳಿದು ಹೋಯಿತು. ನನ್ನ ಹುಣಸೂರು ಒಂದು ಅಂಗೈಯಷ್ಟಾಯಿತು. ನಾನು ಜಗಳಾಡಿದ ಜನರೆಲ್ಲ ಆ ಅಂಗೈಯೊಳಗೇ ಇದ್ದರು. ಕಾಕನಕೋಟೆಯ ಕಾಡು ಕೊನೆಯಿಲ್ಲದೆ ಹಾಸಿತ್ತು. ಅಲ್ಲಿಂದ ಹಿಂತಿರುಗುವಾಗ ಬೇಸಿಗೆಯ ಮೊದಲ ಮೋಡ ಎದುರಾಯಿತು. ತಪ್ಪಿಸಿಕೊಳ್ಳುವ ಮೊದಲೇ ಅದು ನಮ್ಮನ್ನು ನುಂಗಿತು.

ಬೆಟ್ಟವಿಲ್ಲ, ಸೂರ್ಯನಿಲ್ಲ, ರೆಕ್ಕೆಯ ತುದಿಯೂ ಇಲ್ಲ. ಎಲ್ಲೆಡೆ ಬಿಳುಪು. ವಿಮಾನ ಬಲಕ್ಕೆ ಬೀಳುತ್ತಿದೆ ಎಂದು ನನ್ನ ಹೊಟ್ಟೆ ಆಣೆ ಮಾಡಿ ಹೇಳುತ್ತಿತ್ತು. ಗಾಜಿನೊಳಗಿನ ಬಿಳಿ ಗೆರೆ ಮಟ್ಟವಾಗಿತ್ತು. ಸಾಹುಕಾರರು ಗೆರೆಯನ್ನು ನಂಬಿದರು, ದಿಕ್ಸೂಚಿಯನ್ನು ನಂಬಿದರು. ಅವುಗಳ ಹಿಂದಿರುವುದು ನಮ್ಮಿಬ್ಬರ ಕೈಕೆಲಸ.

ಹಿಂದಿನಿಂದ ಒಂದು ಕೈ ನನ್ನ ಹೆಗಲು ಮುಟ್ಟಿತು. ಸಾಹೇಬರ ಮುಖದಲ್ಲಿ ಭಯವಿತ್ತು. ಇಂಜಿನ್ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದರು: "ತಮ್ಮಾ, ನಮಾಜಿನ್ ಹೊತ್ತು. ಇಲ್ಲಿ ಏನೂ ಕಾಣಾಕಿಲ್ಲ. ಪಶ್ಚಿಮ ಯಾವ್ ಕಡೆ?"

ಅಲ್ಲಿಯವರೆಗೆ ಅವರು ನನ್ನನ್ನು ತಮ್ಮಾ ಎಂದು ಕರೆದಿರಲಿಲ್ಲ. ನಾನು ದಿಕ್ಸೂಚಿ ನೋಡಿದೆ. ನಾಲ್ಕು ಹಿತ್ತಾಳೆ ತಲೆಗಳ ನಡುವೆ ಅದು ಅಲುಗದೆ, ವಿಮಾನದ ಮೂತಿ ಉತ್ತರಕ್ಕೆ ಎಂದು ತೋರಿಸುತ್ತಿತ್ತು. ಇನ್ನೊಮ್ಮೆ ನೋಡಿದೆ. ಜೀವನದಲ್ಲಿ ಯಾವ ಉತ್ತರವನ್ನೂ ನಾನು ಅಷ್ಟು ಹೆದರಿ ಕೊಟ್ಟಿಲ್ಲ.

"ಎಡಕ್ಕೆ ಸಾಹೇಬ್ರೆ. ನಿಮ್ಮ ಎಡಗೈ ಕಡೆಗೆ."

ಅವರು ಎಡಗಡೆಯ ಕಿಟಕಿಯ ಆಚೆಯ ಬಿಳುಪಿನ ಕಡೆಗೆ ತಿರುಗಿ ಕುಳಿತು, ಕಣ್ಣು ಮುಚ್ಚಿದರು.